ಹಲೀಮಾ ಅಜ್ಜಿಯ ಹೆಸರಿನಲ್ಲಿ ನಾನು ತಲೆಕೆಳಗಾದದ್ದು

ಹೋಟೆಲ್ಲಿನ ಆರನೇ ಮಹಡಿ

ಮಲೇಷ್ಯಾದಲ್ಲಿ ನಾನು ಐದು ಸಲ ತಲೆಕೆಳಗಾದೆ ಎಂಬ ಸುದ್ದಿ ನರಸೀಪುರದ ನಮ್ಮ ಕಾಲೇಜಿಗೆ ಮುಟ್ಟಿದ್ದು, ನಾನು ನಿಜವಾಗಿ ತಲೆಕೆಳಗಾಗುವುದಕ್ಕೆ ಪೂರ್ತಿ ಒಂದು ದಿನ ಮೊದಲು. ಮುಟ್ಟಿಸಿದವನು ನಾನೇ.

ಇದರಲ್ಲಿ ನನ್ನ ತಪ್ಪು ಕಡಿಮೆ, ಲೋಹಿತನದು ಜಾಸ್ತಿ. ಲೋಹಿತ ನನ್ನ ಬೆಂಚಿನವನು. ಮೈಸೂರಿನ ಆಚೆ ಒಂದು ನೀರಾಟದ ಪಾರ್ಕಿಗೆ ಒಂದೇ ಒಂದು ದಿನ ಹೋಗಿ ಬಂದು, ಮೂರು ತಿಂಗಳು ಅದರ ಬಗ್ಗೆ ಉಪನ್ಯಾಸ ಕೊಟ್ಟ ಆಸಾಮಿ. ನಾನು ಮಲೇಷ್ಯಾದ ಹೋಟೆಲ್ಲಿನಿಂದ ಮಂಚದ ಫೋಟೋ, ಪರದೆಯ ಫೋಟೋ, ಸ್ನಾನದ ಮನೆಯ ಸೋಪಿನ ಫೋಟೋ ಎಲ್ಲ ಕಳಿಸಿದ ಮೇಲೆ ಅವನು ಕ್ಲಾಸಿನ ಗ್ರೂಪಿನಲ್ಲಿ ಬರೆದ: "ಏನ್ ಮಗಾ, ಬರೀ ಸೋಪೇನಾ? ರೈಡ್ ಗೀಡ್ ಏನಾದ್ರೂ ಹತ್ತುದ್ಯೋ, ಇಲ್ಲಾ ಕೆಳಗೆ ನಿಂತ್ಕೊಂಡು ಎಲ್ರ ಬ್ಯಾಗ್ ಕಾಯ್ತಿದ್ಯೋ?"

ಇಡೀ ಕ್ಲಾಸು ಹಲ್ಲು ಕಿರಿಯುವ ಬೊಂಬೆಗಳನ್ನು ಹಾಕಿತು. ಮಾನ ಇರುವ ಯಾವನಾದರೂ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ಮರುದಿನ ನಾವು ಹೋಗಬೇಕಾಗಿದ್ದ ಪಾರ್ಕಿನಲ್ಲಿ 'ಕರಿ ಸರ್ಪ' ಎಂಬರ್ಥದ ಹೆಸರಿನ ದೈತ್ಯ ರೋಲರ್ ಕೋಸ್ಟರ್ ಇತ್ತು. ಅದರ ವೀಡಿಯೋಗಳನ್ನು ಊರಿನಲ್ಲಿದ್ದಾಗಲೇ ನೋಡಿ ನೋಡಿ ಅದರ ಒಂದೊಂದು ತಿರುವೂ ನಮ್ಮ ಬೀದಿಯ ತಿರುವಿನಷ್ಟೇ ಗೊತ್ತಿತ್ತು. ಬರೆದೆ: "ಈಗ ತಾನೇ ಕರಿ ಸರ್ಪದಿಂದ ಇಳಿದೆ. ಐದು ಸಲ ಉಲ್ಟಾ. ಮೂರನೇ ಸಲ ಒಸಿ ಬೋರ್ ಆಯ್ತು."

ಕೊನೆಯ ವಾಕ್ಯ ಬೇಕಿರಲಿಲ್ಲ. ಆದರೆ ಕಲೆ ಎಂದ ಮೇಲೆ ಅಲ್ಲಲ್ಲಿ ಕೈ ಜಾರುತ್ತದೆ.

ಎಲ್ಲರೂ ನಂಬಿದರು. ಲೋಹಿತನೂ ನಂಬಿದ. ಆದರೆ ನಂಬಿದವನ ಹೊಟ್ಟೆಯುರಿ ದೊಡ್ಡದು. "ಅಂಥಾ ರೈಡಲ್ಲಿ ಮ್ಯಾಲೇ ಕ್ಯಾಮೆರಾ ಇರ್ತದೆ, ಫೋಟೋ ತೆಗೀತಾರೆ. ಹಾಕು ನೋಡಣ. ನಾಳೆ ಸಂಜೆ ಒಳಗೆ ಬರ್ಲಿಲ್ಲ ಅಂದ್ರೆ ವರ್ಷಪೂರ್ತಿ ನಿನ್ನೆಸ್ರು ಬೋರ್ ಮನೋಜ."

ಹೀಗೆ ನಾನು ಆಗಲೇ ಹತ್ತಿ ಇಳಿದಿದ್ದ ಸರ್ಪವನ್ನು ಮರುದಿನ ಹತ್ತಲೇಬೇಕಾಯಿತು. ಒಂದು ಸಣ್ಣ ತೊಡಕಿತ್ತು. ನನ್ನ ಜೀವನದಲ್ಲಿ ನಾನು ಏರಿದ ಅತಿ ಎತ್ತರದ ಜಾಗ ನಮ್ಮ ತಾರಸಿಯ ಮೇಲಿನ ನೀರಿನ ಟ್ಯಾಂಕು. ಇಳಿಯಲಾರದೆ ಅಲ್ಲೇ ಕೂತಿದ್ದವನನ್ನು ಅವ್ವ ಏಣಿ ಹಿಡಿದು, ಬೈದು, ಕೊನೆಗೆ ಒಬ್ಬಟ್ಟಿನ ಆಸೆ ತೋರಿಸಿ ಇಳಿಸಿದ್ದಳು.

ಪಾರ್ಕಿನ ಬಾಗಿಲು

ನಾವು ಮಲೇಷ್ಯಾಕ್ಕೆ ಹೋದದ್ದು ನೀರೆತ್ತುವ ಪಂಪಿನ ಪುಣ್ಯದಿಂದ. ಅಪ್ಪನದು ನರಸೀಪುರದಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಕಂಪನಿಯವರು ಚೆನ್ನಾಗಿ ಪಂಪು ಮಾರಿದ ಡೀಲರುಗಳನ್ನೆಲ್ಲ ಒಂದು ಬಸ್ಸಿನಷ್ಟು ಮಾಡಿ ಟೂರಿಗೆ ಕಳಿಸಿದರು. ಅವ್ವ, "ಮ್ಯಾಕೆ ಓದ್ಮೇಲೆ ಮಧ್ಯ ಎಲ್ಲೂ ಸ್ಟಾಪ್ ಕೊಡಾಕಿಲ್ಲ ಅಂದ್ರೆ ನಾ ಬರಾಕಿಲ್ಲ ಕಣಪ್ಪ" ಅಂದಳು. ಅವಳ ಜಾಗಕ್ಕೆ ತಾತ ಬಂದರು.

ನಮ್ಮ ತಾತ ಹೆಡತಲೆ ಎಂಬ ಊರಿನಲ್ಲಿ ನೀರುಗಂಟಿಯಾಗಿದ್ದವರು. ನಾಲೆಯ ನೀರನ್ನು ಯಾರ ಗದ್ದೆಗೆ, ಯಾವ ಹೊತ್ತಿಗೆ, ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಸರದಿ ಮುರಿದವನನ್ನು ತಾತ ಹೇಗೆ ಬೈಯುತ್ತಿದ್ದರೆಂದರೆ, ಬೈಗುಳ ಕೇಳಿ ಪಕ್ಕದ ಗದ್ದೆಯ ಕೊಕ್ಕರೆಗಳು ಸಾಲಾಗಿ ನಿಲ್ಲುತ್ತಿದ್ದವಂತೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಖಾಕಿ ಶರ್ಟು ಬಿಟ್ಟಿಲ್ಲ. ಮಲೇಷ್ಯಾಕ್ಕೂ ಖಾಕಿ ಶರ್ಟು, ಬಿಳಿ ಪಂಚೆ, ಹೆಗಲಿಗೆ ಟವೆಲ್.

ಅಪ್ಪ ಬಂದದ್ದು ವಿಸಿಟಿಂಗ್ ಕಾರ್ಡು ಹಂಚುವುದಕ್ಕೆ. ವಿಮಾನದಲ್ಲಿ ನೀರು ಕೊಟ್ಟ ಹುಡುಗಿಗೆ, ಪಾಸ್‌ಪೋರ್ಟಿಗೆ ಸೀಲು ಹೊಡೆದ ಅಧಿಕಾರಿಗೆ, ಹೋಟೆಲ್ಲಿನ ಲಿಫ್ಟಿನಲ್ಲಿ ಸಿಕ್ಕ ಜಪಾನಿನ ದಂಪತಿಗೆ, ಎಲ್ಲರಿಗೂ "ನಂಬರ್ ಇರ್ಲಿ ಸಾ" ಎಂದು ಒಂದೊಂದು. ಆ ದಂಪತಿ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ನಮಸ್ಕಾರ ಮಾಡಿ ತೆಗೆದುಕೊಂಡರು. ಅವರ ಊರಿನಲ್ಲಿ ಕೊಳವೆಬಾವಿ ಕೊರೆಸುವಾಗ ಖಂಡಿತ ಫೋನ್ ಮಾಡುತ್ತಾರೆಂದು ಅಪ್ಪ ಈಗಲೂ ಕಾಯುತ್ತಿದ್ದಾರೆ.

ಪಾರ್ಕಿನ ಬಾಗಿಲಿನ ಮುಂದೆ ನಾವು ಹೋಗಿ ನಿಂತಾಗ ಇನ್ನೂ ತೆರೆದಿರಲಿಲ್ಲ. ಜನವೋ ಜನ. ಸಂಜೆ ಮೈಸೂರು ಬಸ್ಸು ಬರುವ ಹೊತ್ತಿಗೆ ನಮ್ಮ ನರಸೀಪುರ ಸ್ಟ್ಯಾಂಡಿನಲ್ಲಿ ಇರುವಷ್ಟು. ಆದರೆ ಅಲ್ಲಿ ಯಾರೂ ಕಿಟಕಿಯೊಳಗೆ ಟವೆಲ್ ಎಸೆಯುತ್ತಿರಲಿಲ್ಲ, ಯಾರೂ ಯಾರ ಕಾಲನ್ನೂ ತುಳಿಯುತ್ತಿರಲಿಲ್ಲ. ಕ್ಯೂ ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಕರುವಿನ ಸಮೇತ ಹಾದುಹೋಗುವಷ್ಟು ಜಾಗ! ತಾತನಿಗೆ ಈ ಪೋಲು ಸಹಿಸಲಾಗಲಿಲ್ಲ. ಮುಂದಿನವರ ಬೆನ್ನಿಗೆ ಅಂಟಿದ ಹಾಗೆ ಹೋಗಿ ನಿಂತರು. ಅವರು ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಹೋದರು. ತಾತನೂ ಹೋದರು. ಅವರ ಮುಂದಿನವರೂ ಸರಿದರು. ಹೀಗೆ ಯಾರನ್ನೂ ಮುಟ್ಟದೆ, ಬರೀ ಉಸಿರಿನಿಂದ, ನಮ್ಮ ತಾತ ಒಂದು ಫರ್ಲಾಂಗಿನ ಕ್ಯೂವನ್ನು ಅರ್ಧ ಫರ್ಲಾಂಗು ಮಾಡಿದರು.

ನಮ್ಮ ಗೈಡು ಸೆಲ್ವಂ ಅಣ್ಣ, ಮಲೇಷ್ಯಾದ ತಮಿಳರು. ಅವರು ನಮ್ಮೆಲ್ಲರ ಕೈಗೆ ರಬ್ಬರಿನ ಪಟ್ಟಿ ಕೊಟ್ಟರು, ವಾಚಿನ ಹಾಗೆ ಕಟ್ಟಿಕೊಳ್ಳುವುದು. ನಮ್ಮ ತಂಡಕ್ಕೆಲ್ಲ ನೀಲಿ ಪಟ್ಟಿ, ಒಂದೊಂದರಲ್ಲೂ ಅವರವರ ಹೆಸರು, ಫೋನ್ ನಂಬರು ತುಂಬಿಸಿದ್ದರು. ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದರು: ಪ್ರತಿ ಆಟದ ಮುಂದೆಯೂ ಒಂದು ಕಂಬ ಇರುತ್ತದೆ. ಪಟ್ಟಿಯನ್ನು ಅದಕ್ಕೆ ತಾಗಿಸಿದರೆ ನಿಮ್ಮ ಹೊತ್ತು ತೋರಿಸುತ್ತದೆ. ಆ ಹೊತ್ತಿಗೆ ಬಂದರೆ ಪಕ್ಕದ ಬಾಗಿಲಿನಿಂದ ನೇರ ಒಳಗೆ, ಕ್ಯೂ ಇಲ್ಲ. ಒಂದು ಪಟ್ಟಿಗೆ ಒಂದು ಸಲಕ್ಕೆ ಒಂದೇ ಹೊತ್ತು. ಅದು ಮುಗಿದ ಮೇಲೆಯೇ ಇನ್ನೊಂದು.

ತಾತ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ಸರದಿ."

"ಊಂ ತಾತ, ಒಂಥರಾ ಸರದಿ."

"ಒಂಥರಾ ಅಲ್ಲ ಕಣ್ಲಾ, ಸರದೀನೇ. ಒಬ್ಬ ಒಂದು ಗದ್ದೆ ಮಡಿಗೆ ನೀರ್ ಕುಡ್ಸಾಗಂಟ ಇನ್ನೊಂದು ಮಡಿ ಕೇಳಂಗಿಲ್ಲ. ಪರ್ವಾಗಿಲ್ವೇ, ಬುದ್ವಂತ್ರೇ ಇವ್ರು."

ಎರಡು ದಿನದಿಂದ ಮಲೇಷ್ಯಾವನ್ನು ಸುಮ್ಮನೆ ಸಹಿಸಿಕೊಂಡಿದ್ದ ತಾತ ಆವತ್ತು ಮೊದಲ ಸಲ ಅದನ್ನು ಗೌರವದಿಂದ ನೋಡಿದರು.

ಬಾಲದ ತುದಿ

ಬಾಗಿಲು ತೆರೆಯಿತು. ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ನಿಂತಿದ್ದ ಅದೇ ಸಭ್ಯ ಜನ ಹಾವು ಕಂಡವರ ಹಾಗೆ ಓಡಿದರು. ವ್ಯತ್ಯಾಸ ಇಷ್ಟೇ, ಇವರು ಓಡಿದ್ದು ಹಾವಿನ ಕಡೆಗೆ. ಕರಿ ಸರ್ಪ ಬಾಗಿಲಿನ ಹತ್ತಿರವೇ ಇತ್ತು. ನಾವೂ ಅದರ ಕಂಬ ಮುಟ್ಟಿದೆವು. ಟಿಂಗ್ ಎಂದಿತು. ಎರಡೂಕಾಲು ಗಂಟೆ.

ನಾನು ನೋಡಿದ್ದ ವೀಡಿಯೋಗಳಲ್ಲೆಲ್ಲ ಬೆಳಿಗ್ಗೆ ಮೊದಲು ದೊಡ್ಡ ಆಟಗಳ ಮಾಮೂಲಿ ಕ್ಯೂಗೆ ನುಗ್ಗಬೇಕೆಂದು ಹೇಳಿದ್ದರು. ನುಗ್ಗಲು ಪ್ಯಾಂಟು ಮೇಲೆಳೆದುಕೊಂಡೆ. ತಾತ ಕಾಲರು ಹಿಡಿದರು.

"ಎಲ್ಲಾರೂ ತೂಬಿನ್ ತಾವ್ಕೇ ಓಡ್ತಾವ್ರೆ. ನೀನೂ ಓಡಿ ಏನ್ಲಾ ಮಾಡೀಯೆ? ಬಾಲಕ್ಕೆ ನಡಿ."

ನಾಲೆಯ ಕೊನೆಯಲ್ಲಿರುವ ಗದ್ದೆಗಳನ್ನು ತಾತ ಬಾಲ ಎನ್ನುತ್ತಾರೆ. ಕೆಲಸದಲ್ಲಿದ್ದಷ್ಟು ದಿನವೂ ನೀರನ್ನು ಮೊದಲು ಬಾಲಕ್ಕೆ ಮುಟ್ಟಿಸಿ, ಆಮೇಲೆ ಹಿಂದಕ್ಕೆ ಬರುತ್ತಿದ್ದರಂತೆ. ಅದೇ ಲೆಕ್ಕದಲ್ಲಿ ನನ್ನನ್ನು ಪಾರ್ಕಿನ ಆ ಕೊನೆಗೆ ನಡೆಸಿಕೊಂಡು ಹೋದರು. ಎಷ್ಟು ದೂರವೆಂದರೆ, ನಂಜನಗೂಡಿನಿಂದ ನಡೆದಿದ್ದರೆ ತಾಂಡ್ಯದ ಫ್ಯಾಕ್ಟರಿಗಳನ್ನು ಮುಟ್ಟಿ ಯಾವುದೋ ಶಿಫ್ಟಿಗೆ ಸೇರಿಕೊಂಡು ಸಂಬಳವನ್ನೂ ತೆಗೆದುಕೊಳ್ಳಬಹುದಿತ್ತು.

ತಾತನ ಮಾತು ನಿಜವಾಗಿತ್ತು. ಬಾಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾಕಿರಲಿಲ್ಲವೆಂದರೆ ಅಲ್ಲಿದ್ದದ್ದು ಎಲ್ಲ ಐದು ವರ್ಷದೊಳಗಿನ ಮಕ್ಕಳ ಆಟಗಳು. ತಿರುಗುವ ದೊಡ್ಡ ಟೀ ಲೋಟಗಳು, ಬಾತುಕೋಳಿ ದೋಣಿ, ಕೀ ಕೊಟ್ಟ ಹಾಗೆ ಹೋಗುವ ಒಂದು ಹಸಿರು ಹುಳು. ಟೀ ಲೋಟ ನೋಡಿಕೊಳ್ಳುತ್ತಿದ್ದ ಹುಡುಗ ಬೆಳಿಗ್ಗೆಯಿಂದ ಗಿರಾಕಿ ಕಾಣದವನು. ನಮ್ಮನ್ನು ಕೂರಿಸಿ ಸುತ್ತಿಸಿದ, ಮತ್ತೆ ಸುತ್ತಿಸಿದ, ಮೂರನೇ ಸಲ ನಾವು ಇಳಿಯುವ ಮೊದಲೇ ಸುತ್ತಿಸಿದ. ನಾನು ಇಳಿದಾಗ ಮಲೇಷ್ಯಾ ಇನ್ನೂ ತಿರುಗುತ್ತಿತ್ತು. ತಾತ ಟವೆಲ್ ಕೊಡವಿ, "ಕ್ಯೂ ಇಲ್ಲ ಗೀವಿಲ್ಲ, ರಾಜನಂಗೆ ಓಡಾಡು" ಅಂದರು.

ರಾಜನ ಹಾಗೆಯೇ ಓಡಾಡಿದರು. ಖಾಕಿ ಶರ್ಟು ನೋಡಿ ಒಂದು ಚೀನೀ ಕುಟುಂಬ ತಾತನನ್ನು ಪಾರ್ಕಿನ ಸಿಬ್ಬಂದಿ ಅಂದುಕೊಂಡು ಶೌಚಾಲಯ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿತು. ತಾತ ಗಂಭೀರವಾಗಿ ಬಲಕ್ಕೆ ಕೈ ತೋರಿಸಿದರು. ಅಲ್ಲಿ ನಿಜವಾಗಿಯೂ ಶೌಚಾಲಯ ಇತ್ತು. "ನಿಂಗೆಂಗ್ ಗೊತ್ತಾಯ್ತು ತಾತ?" ಅಂದೆ. "ನೀರ್ ಎಲ್ಲಿಗ್ ಅರೀತದೆ ಅಂತ ನೋಡಿದ್ರೆ ಗೊತ್ತಾಯ್ತದೆ ಬುಡು" ಅಂದರು. ಪಾರ್ಕಿನ ನಡುವಿನ ಕೆರೆಯನ್ನು ಸುತ್ತಿ ಬಂದು, ಅದರ ತೂಬನ್ನು ಬಗ್ಗಿ ನೋಡಿ, ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿ, ಮುಂದೆ ನಡೆದರು.

ಅಷ್ಟರಲ್ಲಿ ನನ್ನ ಫೋನು ನಾಲ್ಕು ಸಲ ಗುಂಯ್ ಎಂದಿತ್ತು. ನಾಲ್ಕೂ ಲೋಹಿತನದು. ನಾಲ್ಕರಲ್ಲೂ ಒಂದೇ ಪದ: "ಫೋಟೋ?"

ಸರ್ಪದ ಬುಡ

ಎರಡು ಗಂಟೆಗೆ ಸರ್ಪದ ಬುಡದಲ್ಲಿದ್ದೆವು. ವೀಡಿಯೋದಲ್ಲಿ ಅದು ನನ್ನ ಅಂಗೈಯಷ್ಟಿತ್ತು. ಇಲ್ಲಿ ತಲೆಯೆತ್ತಿ ನೋಡಿದರೆ ಅದರ ಬೆನ್ನು ಮೋಡದೊಳಗೆ ಹೋಗಿ, ಅಲ್ಲೇನೋ ಕೆಲಸ ಮುಗಿಸಿಕೊಂಡು, ಇನ್ನೊಂದು ಕಡೆಯಿಂದ ಇಳಿಯುತ್ತಿತ್ತು. ಮೇಲಿನಿಂದ ಜನರ ಚೀತ್ಕಾರ ಬೀಳುತ್ತಿತ್ತು, ಜೊತೆಗೆ ಯಾರದೋ ಒಂದು ಚಪ್ಪಲಿಯೂ.

ನನಗೆ ಶೌಚಾಲಯಕ್ಕೆ ಹೋಗಬೇಕೆನಿಸಿತು. ಹೋಗಿ ಬಂದೆ. ಮತ್ತೆ ಅನಿಸಿತು. ಮೂರನೇ ಸಲ ಹೋಗುವಾಗ, ಬೆವರಿಗೆ ಪಟ್ಟಿ ನವೆಯಾಗುತ್ತಿದೆಯೆಂದು ಬಿಚ್ಚಿ ತಾತನ ಕೈಗೆ ಕೊಟ್ಟು ಹೋದೆ. ಮುಖ ತೊಳೆದು, ಕನ್ನಡಿಯಲ್ಲಿ ನನಗೆ ನಾನೇ ಧೈರ್ಯ ಹೇಳಿ, ಕನ್ನಡಿಯಲ್ಲಿದ್ದವನು ನಂಬದೆ, ವಾಪಸು ಬಂದೆ.

ತಾತ ಬೆಂಚಿನ ಮೇಲೆ ಕೂತಿದ್ದರು. ಅವರ ಕೈಯಲ್ಲಿ ಎರಡು ಪಟ್ಟಿ. ಎರಡೂ ಕೆಂಪು.

"ತಾತ, ನಮ್ ಪಟ್ಟಿ ನೀಲಿ ಅಲ್ವಾ?"

"ನೀಲೀವು ಓದೊ. ಇವು ಬಂದೊ."

"ಎಲ್ಲಿಗೆ ಓದೊ?"

ತಾತ ಸರ್ಪದ ಪಕ್ಕದ ಬಾಗಿಲು ತೋರಿಸಿದರು. ತಲೆಗೆ ನೇರಳೆ ವಸ್ತ್ರ ಸುತ್ತಿಕೊಂಡ ಒಬ್ಬ ಅಜ್ಜಿ, ಹನ್ನೆರಡರ ಆಸುಪಾಸಿನ ಮೊಮ್ಮಗನ ಕೈ ಹಿಡಿದು ಒಳಗೆ ಹೋಗುತ್ತಿದ್ದಳು. ತಿರುಗಿ ತಾತನಿಗೆ ಕೈ ಬೀಸಿದಳು. ತಾತನೂ ಟವೆಲ್ ಬೀಸಿದರು.

"ಆ ಅಜ್ಜಮ್ಮಂದು ಐದ್ ಗಂಟೆ ಸರದಿ ಕಣ್ಲಾ. ಮೂರೂವರೆಗೆ ಅವ್ರ್ ಬಸ್ಸು ಒಂಟೋಯ್ತದಂತೆ. ಮೊಗ ಅಳ್ತಾ ಕುಂತಿತ್ತು. ನಮ್ ಬಸ್ಸು ಆರೂವರೆಗಲ್ವಾ, ಅದಕೇ ಬದ್ಲು ಮಾಡ್ಕಂಡೆ."

"ನಿಂಗೆ ಅವ್ರ್ ಮಾತು ಎಂಗ್ ತಿಳೀತು?"

"ಬೆಳ್ಳಲ್ಲಿ ಐದ್ ತೋರ್ಸುದ್ಲು, ಬಸ್ ಓದಂಗ್ ಮಾಡುದ್ಲು. ಇನ್ನೇನ್ಲಾ ತಿಳ್ಕಳಾದು? ಮುಯ್ಯಿ ಇದು."

ಮುಯ್ಯಿ ಅಂದರೆ ನಮ್ಮ ಕಡೆ ಹೀಗೆ: ನಾಟಿ ಕಾಲದಲ್ಲಿ ನೀನು ಒಂದು ದಿನ ನನ್ನ ಗದ್ದೆಗೆ ಬಂದು ದುಡಿದರೆ, ನಾನು ಒಂದು ದಿನ ನಿನ್ನ ಗದ್ದೆಗೆ ಬಂದು ದುಡಿಯುತ್ತೇನೆ. ಕೂಲಿಯಿಲ್ಲ, ಕಾಗದವಿಲ್ಲ. ನಾಲೆಯ ಸರದಿಯನ್ನೂ ಹೀಗೆ ಬದಲಾಯಿಸಿಕೊಳ್ಳುತ್ತಾರೆ. ಹೆಡತಲೆಯಲ್ಲಿ ಸರಿ. ಮಲೇಷ್ಯಾದಲ್ಲಿ ಕಂಪ್ಯೂಟರಿನ ಪಟ್ಟಿಯನ್ನು ಗುರುತು ಪರಿಚಯವಿಲ್ಲದವರಿಗೆ ಮುಯ್ಯಿ ಕೊಟ್ಟವರು ಜಗತ್ತಿನಲ್ಲಿ ನಮ್ಮ ತಾತ ಒಬ್ಬರೇ ಇರಬೇಕು.

"ನಾಳಿಕ್ ಏನಾರಾ ಬೇಕಾಯ್ತದೆ ಅಂತ ನಿಮ್ಮಪ್ಪನ್ ಕಾರ್ಡೂ ಕೊಟ್ಟಿವ್ನಿ" ಎಂದು ಸೇರಿಸಿದರು.

ನಾನು ಕೂಗಾಡಿದೆ. ನನ್ನ ಮಾನ ಹೋಯಿತು, ಭವಿಷ್ಯ ಹೋಯಿತು, ಲೋಹಿತ ನನ್ನನ್ನು ಬದುಕಲು ಬಿಡುವುದಿಲ್ಲ ಎಂದೆಲ್ಲ ಹೇಳಿದೆ. ಇಷ್ಟು ದೂರ ಓದಿದ್ದೀರಿ, ನಿಮಗೆ ನಿಜ ಹೇಳುತ್ತೇನೆ: ಬಾಯಿ ಕೂಗಾಡುತ್ತಿತ್ತು, ಮೊಣಕಾಲುಗಳು ಒಳಗೊಳಗೇ ತಾತನಿಗೆ ಕೈ ಮುಗಿಯುತ್ತಿದ್ದವು. ಐದು ಗಂಟೆಯವರೆಗೂ ಜೀವದಾನ! ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಭೂಕಂಪವಾಗಬಹುದು. ಸರ್ಪಕ್ಕೆ ಹೊಟ್ಟೆನೋವು ಬರಬಹುದು.

ಮೇಲಿನಿಂದ ಒಬ್ಬ ಮುದುಕಿಯ ನಗು ಕೇಳಿಸಿತು. ಕಿರುಚಾಟವಲ್ಲ, ನಗು. ಸಂಪಿನಿಂದ ನೀರು ಉಕ್ಕಿದ ಹಾಗೆ. ಸ್ವಲ್ಪ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಲೋಹಿತನದೇ ಇರಬೇಕೆಂದು ತೆಗೆಯಲಿಲ್ಲ.

ಅಜ್ಜಿ ಹೊರಗೆ ಬಂದು, ತಾತನ ಮುಂದೆ ಎದೆಗೆ ಕೈಯಿಟ್ಟು ಏನೋ ಹೇಳಿ, ಬಸ್ಸಿಗೆ ಓಡಿದಳು. ನೀಲಿ ಪಟ್ಟಿ ಅವಳ ಕೈಯಲ್ಲೇ ಇತ್ತು. ವಾಪಸು ಇಸಿದುಕೊಳ್ಳಬೇಕೆಂದು ತಾತನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮಳೆ

ಐದಕ್ಕೆ ಕಾಲು ಗಂಟೆ ಇರುವಾಗ ಮಳೆ ಬಂತು. ನಮ್ಮ ಕಡೆ ಮಳೆ ಬರುವ ಮೊದಲು ಗಾಳಿ ಬೀಸುತ್ತದೆ, ಗುಡುಗುತ್ತದೆ, ಬಟ್ಟೆ ತೆಗೆದಿಡಲು ಒಂದು ಹೊತ್ತು ಕೊಡುತ್ತದೆ. ಮಲೇಷ್ಯಾದ ಮಳೆಗೆ ಇಂಥ ಮರ್ಯಾದೆಯಿಲ್ಲ. ಯಾರೋ ಮೇಲಿನಿಂದ ಕೊಳಗ ಬೋರಲು ಹಾಕಿದ ಹಾಗೆ ಬಂತು. ಸರ್ಪ ನಿಂತಿತು. ಮುಂದಿನ ಫಲಕದಲ್ಲಿ ಕೆಂಪು ಅಕ್ಷರಗಳು ಬಂದವು: ಸ್ಥಗಿತ.

ಬೆಳಿಗ್ಗೆ ಸರ್ಪಕ್ಕೆ ಓಡಿಬಂದಿದ್ದ ಜನರೆಲ್ಲ ಈಗ ಬಾಗಿಲಿಗೆ ಓಡಿದರು. ನಾನು ಮನಸ್ಸಿನಲ್ಲೇ ವರುಣನಿಗೆ ಅಡ್ಡಬಿದ್ದೆ. ಮಳೆ ಬಂದು ಆಟ ನಿಂತರೆ ಅದು ನನ್ನ ತಪ್ಪೇ? ಲೋಹಿತನಿಗೆ ಮಳೆಯ ವೀಡಿಯೋ ಕಳಿಸಿದರೆ ಆಯಿತು.

"ಅಯ್ಯೋ, ಓಯ್ತಲ್ಲಾ ತಾತ" ಎಂದು ಕಣ್ಣು ಉಜ್ಜಿಕೊಂಡೆ. "ನಡಿ, ಬಸ್ಸಿಗೋಗಣ."

"ಎಲ್ಲಿಗ್ಲಾ?" ಎಂದು ತಾತ ಎದ್ದು ನಿಂತರು. "ನಮ್ ಸರದೀಲಿ ನೀರ್ ನಿಂತದೆ. ಬುಟ್ಟಾಗ ನಮ್ಮಿಂದ್ಲೇ ಶುರುವಾಗ್ಬೇಕು. ಅದು ಕಾನೂನು."

ಟವೆಲ್ ತಲೆಗೆ ಹೊದ್ದು, ಪಂಚೆ ಎತ್ತಿ ಕಟ್ಟಿ, ಸರ್ಪದ ಪಕ್ಕದ ಬಾಗಿಲಿನಲ್ಲಿ ಕೊಡೆ ಹಿಡಿದು ನಿಂತಿದ್ದ ಹುಡುಗಿಯ ಮುಂದೆ ಹೋಗಿ ನಿಂತರು. ಹೆಡತಲೆಯ ಕನ್ನಡದಲ್ಲಿ ನಾಲೆಯ ಕಾನೂನನ್ನು ವಿವರಿಸಿದರು. "ನೋಡವ್ವಾ, ಮ್ಯಾಲೆ ಗೇಟ್ ಮುಚ್ಚುದ್ರೆ ಗದ್ದೆಯವ್ನ್ ತಪ್ಪಾ? ನೀನೇ ಯೋಳು." ಹುಡುಗಿ ನನ್ನ ಕಡೆ ನೋಡಿದಳು.

ಈಗ ನನ್ನ ಜಾಣತನ ನೋಡಿ. ನಾನು ಶುದ್ಧ ಇಂಗ್ಲಿಷಿನಲ್ಲಿ ಅನುವಾದ ಮಾಡಿದೆ: "ನಮ್ಮ ತಾತ ನಿಮಗೆ ಧನ್ಯವಾದ ಹೇಳುತ್ತಿದ್ದಾರೆ. ಹೊರಗೆ ಹೋಗುವ ದಾರಿ ಯಾವುದೆಂದು ಕೇಳುತ್ತಿದ್ದಾರೆ."

ಹುಡುಗಿ ನಗುತ್ತಾ ಹೊರದಾರಿ ತೋರಿಸಿದಳು. ತಾತನ ಮುಖ ಕೆಂಪಾಯಿತು.

"ಓಗು ಅಂತಾವ್ಳಾ? ನಂಗಾ? ಮನೂ, ಸರ್ಯಾಗ್ ಯೋಳ್ದಾ?"

"ಊಂ ತಾತ, ಅಚ್ಚುಕಟ್ಟಾಗಿ ಯೋಳ್ದೆ."

ತಾತ ನನ್ನನ್ನು ಪಕ್ಕಕ್ಕೆ ಸರಿಸಿದರು. ಕೆಂಪು ಪಟ್ಟಿಯನ್ನು ಹುಡುಗಿಯ ಮುಂದೆ ಹಿಡಿದರು. ನಿಂತ ಸರ್ಪವನ್ನು ತೋರಿಸಿದರು. ಆಮೇಲೆ ತನ್ನ ಎದೆಯನ್ನು ತೋರಿಸಿ, ಒಂದು ಬೆರಳು ಎತ್ತಿದರು: ಮೊದಲು ನಾನು. ಹುಡುಗಿ ಪಟ್ಟಿಯನ್ನು ತನ್ನ ಕೈಯಲ್ಲಿದ್ದ ಯಂತ್ರಕ್ಕೆ ಮುಟ್ಟಿಸಿ ನೋಡಿದಳು. ತಲೆಯಾಡಿಸಿದಳು. ನನಗೆ ನಿಧಾನವಾಗಿ ಹೇಳಿದಳು: ನಿಮ್ಮ ಹೊತ್ತಿನಲ್ಲಿ ಆಟ ನಿಂತಿರುವುದರಿಂದ ನಿಮ್ಮ ಜಾಗ ಹೋಗುವುದಿಲ್ಲ. ಮತ್ತೆ ಶುರುವಾದಾಗ ಯಾವಾಗ ಬೇಕಾದರೂ ನೇರ ಒಳಗೆ ಬರಬಹುದು.

"ಏನಂತೆ?" ಅಂದರು ತಾತ.

"ನೀನೇಳಿದ್ದೇ ಅಂತೆ."

"ನೋಡ್ದಾ? ಎಲ್ಲೋದ್ರೂ ಕಾನೂನು ಒಂದೇ ಕಣ್ಲಾ."

ಆರು ಗಂಟೆಗೆ ಮಳೆ ನಿಂತಿತು. ಇಡೀ ಪಾರ್ಕು ನಮ್ಮ ಕಾಲೇಜಿನ ಲೈಬ್ರರಿಯಷ್ಟು ಖಾಲಿ. ಸೆಲ್ವಂ ಅಣ್ಣ ಫೋನ್ ಮಾಡಿ, ಆರೂವರೆಗೆ ಸರಿಯಾಗಿ ಬಸ್ಸು ಹೊರಡುತ್ತದೆ ಅಂದರು. ಅಪ್ಪ ಬಸ್ಸಿನಲ್ಲಿ ಕೂತು ಡ್ರೈವರಿಗೆ ಕಾರ್ಡು ಕೊಡುತ್ತಿದ್ದರಂತೆ. ಸರ್ಪದ ಫಲಕ ಹಸಿರಾಯಿತು. ನಾವು ಅಲ್ಲೇ ಇದ್ದೆವು.

ಸರ್ಪದ ಬೆನ್ನ ಮೇಲೆ

ಪಕ್ಕದ ಬಾಗಿಲಿನಲ್ಲಿ ಪಟ್ಟಿ ತಾಗಿಸಿದೆ. ಪರದೆಯ ಮೇಲೆ ಹೂಗಳು ಅರಳಿ ಒಂದು ಹೆಣ್ಣು ದನಿ ಹೇಳಿತು: "ಸೆಲಾಮತ್ ದಾತಾಂಗ್, ಹಲೀಮಾ!" ಸ್ವಾಗತ ಎಂದರ್ಥ. ಕಾವಲಿನ ಹುಡುಗ ನನ್ನ ಚಿಗುರು ಮೀಸೆಯನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿದ. ತಾತನ ಸರದಿ ಬಂತು. "ಸೆಲಾಮತ್ ದಾತಾಂಗ್, ಡ್ಯಾನಿಶ್!" ಅರವತ್ತೊಂಬತ್ತು ವರ್ಷದ ಡ್ಯಾನಿಶ್ ಗಂಭೀರವಾಗಿ ತಲೆಬಾಗಿ ಒಳಗೆ ನಡೆದರು. ಮುಚ್ಚುವ ಹೊತ್ತು, ಮಳೆ ಬೇರೆ. ಆ ಹುಡುಗ ಹೆಗಲು ಕುಣಿಸಿ ಬಿಟ್ಟುಬಿಟ್ಟ.

ಮುಂದಿನ ಸಾಲೇ ಸಿಕ್ಕಿತು. ಜನವೇ ಇಲ್ಲದ ಮೇಲೆ ಸಿಗದೆ ಏನು? ಕಬ್ಬಿಣದ ತೋಳೊಂದು ಎದೆಯ ಮೇಲೆ ಬಂದು ಕೂತಿತು. ತಾತ ಟವೆಲನ್ನು ಮಡಿಸಿ ಶರ್ಟಿನೊಳಗೆ ಇಟ್ಟುಕೊಂಡು, ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಕೂತರು.

ಸರ್ಪ ಟಕ ಟಕ ಎಂದು ಏರಿತು. ಏರಿತು. ಇನ್ನೂ ಏರಿತು. ನಾನು ನಂಜುಂಡೇಶ್ವರನನ್ನು ಕರೆದೆ. ನಮ್ಮೂರಿನ ಗುಂಜಾ ನರಸಿಂಹನನ್ನು ಕರೆದೆ. ತುದಿಯಲ್ಲಿ ಅದು ಒಂದು ಕ್ಷಣ ನಿಂತು, ಕೆಳಗೆ ಬಗ್ಗಿ ನೋಡಿದಾಗ ದೇವರುಗಳನ್ನೆಲ್ಲ ಬಿಟ್ಟು "ಅವ್ವಾ" ಅಂದೆ. ಆಮೇಲೆ ಬೇರೆ ಪದ ಹೇಳಲಿಲ್ಲ. ಒಂದೇ ಪದವನ್ನು, ಉಸಿರು ಕಡಿಯದೆ, ಬೇರೆ ಬೇರೆ ರಾಗಗಳಲ್ಲಿ ಹೇಳಿದೆ. ನನ್ನ ಹೊಟ್ಟೆ ಮೊದಲ ಇಳಿಜಾರಿನಲ್ಲೇ ನನ್ನನ್ನು ಬಿಟ್ಟು ಇಳಿದುಹೋಗಿ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತಿತು. ವೀಡಿಯೋ ನೋಡಿ ಕಲಿತಿದ್ದ ತಿರುವುಗಳಲ್ಲಿ ಒಂದೂ ಕಾಣಲಿಲ್ಲ. ಕ್ಯಾಮೆರಾ ಹಿಡಿದವನು ಕಣ್ಣು ಬಿಟ್ಟಿದ್ದ, ನಾನು ಬಿಟ್ಟಿರಲಿಲ್ಲ.

ಮೂರನೇ ಸಲ ತಲೆಕೆಳಗಾದಾಗ ಎಲ್ಲೋ ಫಳಕ್ ಎಂದು ಬೆಳಕಾಯಿತು. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ, ಪೂರ್ತಿ ಉಲ್ಟಾ ನೇತಾಡುತ್ತಾ, ತಾತ ಹೇಳಿದರು:

"ಮನೂ, ಅಲ್ನೋಡ್ಲಾ, ಕೆರೆ ತೂಬು! ನಾ ಬೆಳಿಗ್ಗೇನೇ ಅನ್ಕಂಡೆ, ಸೋರ್ತಾ ಅದೆ!"

ಹೊರದಾರಿಯ ಯಂತ್ರ

ಇಳಿದ ಮೇಲೆ ನೆಲವನ್ನು ಮುಟ್ಟಿ ನೋಡಿದೆ. ಇತ್ತು. ಕಾಲುಗಳು ಬರುವುದಕ್ಕೆ ಒಂದೆರಡು ನಿಮಿಷ ಹಿಡಿಯಿತು. ಬಂದ ಕೂಡಲೇ ನನ್ನೊಳಗಿನ ಹಳೆಯ ಮನೋಜನೂ ಬಂದ. ಹತ್ತಿದೆ! ನಿಜವಾಗಿ ಹತ್ತಿದೆ! ಇನ್ನು ಫೋಟೋ ಒಂದು ಕೈಗೆ ಬಂದರೆ ಲೋಹಿತನ ಬಾಯಿ ಡಿಗ್ರಿ ಮುಗಿಯುವವರೆಗೂ ತೆರೆಯುವುದಿಲ್ಲ.

ಹೊರದಾರಿಯಲ್ಲಿ ಒಂದು ಯಂತ್ರ. ಪಟ್ಟಿ ತಾಗಿಸಿದರೆ ಫೋಟೋ ಫೋನಿಗೆ ಹೋಗುತ್ತದೆ. ತಾಗಿಸಿದೆ. ಹಸಿರು ಗುರುತು ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ: ನಿಮ್ಮ ಫೋಟೋ ಕಳಿಸಲಾಗಿದೆ, ಹಲೀಮಾ.

ಮತ್ತೆ ತಾಗಿಸಿದೆ. ಹಲೀಮಾ. ಪಟ್ಟಿ ಒರೆಸಿ ತಾಗಿಸಿದೆ. ಹಲೀಮಾ.

ಆಗ ನನಗೆ ಎರಡೂಕಾಲು ಗಂಟೆಯ ಆ ಗುಂಯ್ ನೆನಪಾಯಿತು. ಫೋನು ತೆಗೆದೆ. ಅದು ಲೋಹಿತನದಾಗಿರಲಿಲ್ಲ. 'ಮನೋಜ್, ಕರಿ ಸರ್ಪದ ಮೇಲೆ ನಿಮ್ಮ ಅದ್ಭುತ ಕ್ಷಣ!' ಎಂಬ ತಲೆಬರಹ. ಅದರ ಕೆಳಗೆ ನೇರಳೆ ವಸ್ತ್ರದ ಅಜ್ಜಿ, ತಲೆಕೆಳಗಾಗಿ, ಎರಡೂ ಕೈ ಗಾಳಿಗೆ ಬಿಟ್ಟು, ಇರುವ ಏಳೆಂಟು ಹಲ್ಲನ್ನೂ ತೋರಿಸಿ ನಗುತ್ತಿದ್ದಾಳೆ. ಪಕ್ಕದಲ್ಲಿ ಮೊಮ್ಮಗ.

ತಾತ ಇಣುಕಿದರು. "ಎಂಗೆ ಕೈ ಬುಟ್ಟವ್ಳೆ ನೋಡ್ಲಾ ಅಜ್ಜಮ್ಮ! ನೀನೂ ಇದೀಯೆ, ನನ್ ತೋಳ್ ಕಿತ್ತಾಕ್ಬುಟ್ಟೆ."

ಬಸ್ಸಿನಲ್ಲಿ ಕೂತು ಲೋಹಿತನಿಗೆ ಬರೆದೆ: "ಫೋನಲ್ಲಿ ಚಾರ್ಜ್ ಇಲ್ಲ." ಅರ್ಧ ಗಂಟೆ ಬಿಟ್ಟು ಅವನು ಕೇಳಿದಾಗ ಮತ್ತೆ ಬರೆದೆ: "ಇನ್ನೂ ಇಲ್ಲ."

ನರಸೀಪುರ, ಅಪ್ಪನ ಅಂಗಡಿ

ಕಾಲೇಜಿಗೆ ಹೋದ ದಿನವೇ ಬೋರ್ ಮನೋಜನಾದೆ. ನೀರು ಕುಡಿಯಲು ಹೋದರೆ ಬೋರ್, ಹಾಜರಿ ಕೂಗಿದರೆ ಹಿಂದಿನ ಬೆಂಚಿನಿಂದ ಬೋರ್. ಸತ್ಯವನ್ನು, ಹಲೀಮಾ ಅಜ್ಜಿಯ ಸಮೇತ, ಸರದಿಯ ಸಮೇತ, ಮಳೆಯ ಸಮೇತ ಹೇಳಿದೆ. ಹತ್ತದೆ ಇದ್ದಾಗ ನಂಬಿದ್ದ ಅದೇ ಜನ ಹತ್ತಿ ಬಂದ ಮೇಲೆ ನಗಾಡಿದರು. "ಮಗಾ, ಸುಳ್ಳೇಳುದ್ರೂ ಒಂದ್ ಮಟ್ಟ ಇರ್ಬೇಕು ಕಣೋ. ಮುದ್ಕಿಗ್ ಮುಯ್ಯಿ ಕೊಟ್ನಂತೆ!" ಎಂದ ಲೋಹಿತ.

ಐದನೇ ದಿನ ಕಾಲೇಜು ಮುಗಿಸಿ ಅಂಗಡಿಯಲ್ಲಿದ್ದೆ. ತಾತ ಹೊಸ ಪೈಪಿನ ಸುರುಳಿಯ ಮೇಲೆ ಕೂತಿದ್ದರು. ಲೋಹಿತ ಅವರಪ್ಪನ ಜೊತೆ ಫುಟ್‌ವಾಲ್ವ್ ಕೊಳ್ಳಲು ಬಂದ. ನನ್ನನ್ನು ನೋಡಿ ತುಟಿಯಲ್ಲೇ "ಬೋರ್" ಅಂದ. ಅಂಗಡಿಯ ಫೋನು ಟಿಣ್ ಎಂದಿತು. ಅಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ತೋಳಿನಷ್ಟು ದೂರ ಹಿಡಿದರು.

"ಯಾವ್ದೋ ಫಾರಿನ್ ನಂಬ್ರು. ಜಪಾನ್ ಪಾರ್ಟೀನೇ ಇರ್ಬೇಕು, ಬೋರ್ ಕೊರ್ಸುದ್ರು ಕಾಣ್ತದೆ." ಆಮೇಲೆ ಹುಬ್ಬು ಗಂಟಿಕ್ಕಿ ತಾತನನ್ನು ನೋಡಿದರು. "ಅಪ್ಪಾ, ಇದು ನೀನಲ್ವಾ? ಪಕ್ಕದಲ್ಲಿ ಇದೇನಿದು?"

ನಾನು ಹಾರುವಷ್ಟರಲ್ಲಿ ಲೋಹಿತ ಫೋನಿನ ಮೇಲೆ ಬಗ್ಗಿ ಆಗಿತ್ತು.

ಅಪ್ಪನ ಕಾರ್ಡು ಜೀವನದಲ್ಲಿ ಮೊದಲ ಸಲ ಕೆಲಸ ಮಾಡಿತ್ತು. ಫೋಟೋದಲ್ಲಿ ತಾತ ತಲೆಕೆಳಗಾಗಿ, ನೆಟ್ಟಗೆ ಕೂತು, ಕೆಳಗೆ ಯಾವುದನ್ನೋ ಬೆರಳು ಮಾಡಿ ತೋರಿಸುತ್ತಿದ್ದರು. ಅವರ ಇನ್ನೊಂದು ತೋಳಿಗೆ ಎರಡೂ ಕೈಯಲ್ಲಿ ಜೋತುಬಿದ್ದ ಒಂದು ಪ್ರಾಣಿ. ಕಣ್ಣು ಮುಚ್ಚಿದೆ. ಬಾಯಿ ನಮ್ಮ ಮನೆಯ ಸಂಪಿನಷ್ಟು ತೆರೆದಿದೆ. ಕಣ್ಣೀರು ಗಾಳಿಗೆ ಕಿವಿಯ ಕಡೆಗೆ ಹರಿಯುತ್ತಿದೆ.

"ಅಜ್ಜಮ್ಮ ಕಳ್ಸವ್ಳಾ?" ತಾತನ ಮುಖ ಅರಳಿತು. "ನಮ್ ತಾವ ಇರೋ ಅವ್ಳ್ ಪೋಟೋನೂ ಈಗ್ಲೇ ಕಳ್ಸ್ಲಾ ಮನೂ. ಮುಯ್ಯಿ ಉಳೀಬಾರ್ದು."

ಲೋಹಿತ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ ನೋಡಿದ. ಅಂಗಡಿಯಲ್ಲಿದ್ದ ಮೂರು ಗಿರಾಕಿಗಳೂ ನೋಡಿದರು.

"ಇದ್ಯಾರು ತಾತ, ನಿಮ್ ಪಕ್ಕದಲ್ಲಿ?"

ತಾತ ನನ್ನ ಕಡೆ ತಿರುಗಿದರು. ಆ ಪ್ರಾಣಿ ನಾನಲ್ಲ ಎಂದರೆ ನಾನು ಸರ್ಪ ಹತ್ತಿಲ್ಲ. ನಾನು ಎಂದರೆ, ಆ ಪ್ರಾಣಿ ನಾನು. ತಾರಸಿಯ ಟ್ಯಾಂಕಿನ ಮೇಲೆ ಕೂತಿದ್ದಾಗಲೂ ನನಗೆ ಇಷ್ಟು ಇಕ್ಕಟ್ಟು ಆಗಿರಲಿಲ್ಲ.

"ನಾನೇ ಕಣೋ" ಅಂದೆ.

"ಮತ್ತೆ ಬಾಯಿ?"

"ಅದು ಮೂರನೇ ಸಲ. ಹೇಳಿರ್ಲಿಲ್ವಾ, ಬೋರ್ ಆಯ್ತು ಅಂತ? ಆಕಳಿಸ್ತಿದ್ದೆ."

ಲೋಹಿತ ತಾತನ ಕಡೆ ನೋಡಿದ. ನೀರಿನ ಸರದಿಯಲ್ಲಿ ಒಂದು ದಿನವೂ ಸುಳ್ಳು ಹೇಳದ, ಇಡೀ ಹೆಡತಲೆ ಸಾಕ್ಷಿಗೆ ಕರೆಯುತ್ತಿದ್ದ ನೀರುಗಂಟಿ ನಮ್ಮ ತಾತ. ಟವೆಲಿನಿಂದ ಮುಖ ಒರೆಸಿಕೊಂಡರು. ತೋಳನ್ನು ಒಮ್ಮೆ ನೀವಿಕೊಂಡರು.

"ಊಂ ಕಣಪ್ಪ" ಅಂದರು. "ಆ ಆಕಳ್ಕೆ ಸದ್ದು ಇನ್ನೂ ನನ್ ಕಿವೀಲಿ ಅದೆ."